ಯಾವಾಗ ನಡುಗುತ್ತೆ?

'ಕಾರು ಯಾಕೋ ನಡುಗ್ತಿದೆ ಕಣೋ' ಅಂತ ಆಫೀಸಿನಲ್ಲಿ ಯಾರಾದರೂ ಅಂದರೆ ನಾನು ಕೇಳೋ ಮೊದಲ ಪ್ರಶ್ನೆ, 'ಯಾವಾಗ?' ಬಗ್ ಇದೆ ಅಂತ ಟಿಕೆಟ್ ಹಾಕಿದವರಿಗೂ ಇದನ್ನೇ ಕೇಳ್ತೀವಲ್ಲ. ಆದರೆ ನಾನಿದನ್ನು ಕಲಿತದ್ದು ಬಿ.ಇ.ಯಲ್ಲಲ್ಲ, ನಮ್ಮ ತೋಟದ ಡೀಸೆಲ್ ಪಂಪಿನ ಹತ್ತಿರ.

ಅದು ಒಂದೇ ಸಿಲಿಂಡರಿನ ಎಂಜಿನ್. ಎರಡು ಸುತ್ತಿಗೆ ಒಂದೇ ಸಲ ಉರಿಯೋದು, ಉಳಿದದ್ದನ್ನು ಪಕ್ಕದ ಭಾರದ ಚಕ್ರ ಎಳೆದುಕೊಂಡು ಹೋಗೋದು. ನಡುಕ ಅದರ ಹುಟ್ಟುಗುಣ. ಅಪ್ಪ ಸ್ಪ್ಯಾನರ್ ಹಿಡಿಯೋ ಮುಂಚೆ ಸುಮ್ಮನೆ ನಿಂತು ಕೇಳಿಸಿಕೊಳ್ತಿದ್ರು. ನಡುಕ ಹೊಸದು ಅನ್ನಿಸಿದರೆ ಮೊದಲು ಬುಡದ ಬೋಲ್ಟು ಬಿಗಿ ಇದೆಯಾ ನೋಡ್ತಿದ್ರು. ರಿಪೇರಿಗೆ ದುಡ್ಡಿಲ್ಲದ ಮನೆಯಲ್ಲಿ ಖರ್ಚಿಲ್ಲದ ಪರೀಕ್ಷೆಯೇ ಮೊದಲು.

ಕಾರಿಗೂ ಇದೇ ಲೆಕ್ಕ. ನಿಂತಲ್ಲೇ ನಿಮಿಷಕ್ಕೆ 800 ಸುತ್ತು ತಿರುಗುವಾಗ ನಾಲ್ಕು ಸಿಲಿಂಡರಿನ ಎಂಜಿನ್ ಸೆಕೆಂಡಿಗೆ ಸುಮಾರು 27 ಸಲ ಉರಿಯುತ್ತೆ, ಮೂರು ಸಿಲಿಂಡರಿನದು 20 ಸಲ. ಹಾಗಾಗಿ ಮೂರು ಸಿಲಿಂಡರಿನ ಕಾರು ಸಿಗ್ನಲ್‌ನಲ್ಲಿ ಸ್ವಲ್ಪ ಅದುರಿದರೆ ಅದು ಕಾಯಿಲೆಯಲ್ಲ. ಆದರೆ ಇದ್ದಕ್ಕಿದ್ದಂತೆ ಕುಂಟೋಕೆ ಶುರುಮಾಡಿ, ಪಿಕಪ್ಪೂ ಕಮ್ಮಿಯಾದರೆ, ಯಾವುದೋ ಸಿಲಿಂಡರ್ ಸರಿಯಾಗಿ ಉರೀತಿಲ್ಲ ಅಂತ ಅನುಮಾನಪಡಿ. ಪೆಟ್ರೋಲ್ ಕಾರಾದರೆ ಸ್ಪಾರ್ಕ್ ಪ್ಲಗ್, ಇಗ್ನಿಷನ್ ಕಾಯಿಲ್, ಇಂಜೆಕ್ಟರ್ ನೋಡಿಸಿ. 80-90ರ ವೇಗದಲ್ಲಿ ಮಾತ್ರ ಸ್ಟೇರಿಂಗ್ ನಡುಗಿದರೆ ಪಾಪ, ಎಂಜಿನ್ನನ್ನು ಬೈಬೇಡಿ. ಹೆಚ್ಚಿನ ಸಲ ಅದು ವೀಲ್ ಬ್ಯಾಲೆನ್ಸಿಂಗ್. ಬ್ರೇಕ್ ಒತ್ತಿದಾಗ ಮಾತ್ರವಾದರೆ ಬ್ರೇಕ್ ಡಿಸ್ಕ್ ನೋಡಿಸಿ.

ಹೋದ ವರ್ಷ ನನ್ನ ಸೆಕೆಂಡ್ ಹ್ಯಾಂಡ್ ಕಾರು ನಡುಗಿದಾಗ ಒಂದು ಗ್ಯಾರೇಜಿನವರು ಗಾಡಿ ಓಡಿಸಿಯೂ ನೋಡದೆ ಪ್ಲಗ್, ಕಾಯಿಲ್, ಇಂಜೆಕ್ಟರ್ ಎಲ್ಲ ಬದಲಾಯಿಸೋಣ ಅಂದ್ರು. ನಾನು ಊರಿಗೆ ಕಳಿಸೋ ಎರಡು ತಿಂಗಳ ದುಡ್ಡಿಗೂ ಮೀರಿದ ಮೊತ್ತ ಅದು. ಎರಡು ದಿನ ಕಾಲಾವಕಾಶ ಕೇಳಿ, ಯಾವಾಗ ನಡುಗುತ್ತೆ ಅಂತ ಬರೆದಿಟ್ಟೆ. ನಿಂತಾಗ ಮಾತ್ರ, ಎಸಿ ಹಾಕಿದರೆ ಜಾಸ್ತಿ, ಸ್ವಲ್ಪ ರೇಸ್ ಕೊಟ್ಟರೆ ಮಾಯ. ಪಿಕಪ್ ಚೆನ್ನಾಗೇ ಇತ್ತು. ಆ ಚೀಟಿ ನೋಡಿದ ಇನ್ನೊಬ್ಬ ಮೆಕ್ಯಾನಿಕ್ ನೇರ ಎಂಜಿನ್ ಮೌಂಟಿಗೆ ಟಾರ್ಚ್ ಬಿಟ್ಟ. ಎಂಜಿನ್ನಿನ ಅದುರುವಿಕೆ ಬಾಡಿಗೆ ತಾಕದಂತೆ ತಡೆಯೋ ರಬ್ಬರ್ ಅದರಲ್ಲಿರುತ್ತೆ. ಅದೇ ಸೀಳಿತ್ತು. ಒಂದು ಮೌಂಟ್ ಬದಲಾಯಿಸಿದ್ದಷ್ಟೇ.

ಒಂದು ವಿಷಯದಲ್ಲಿ ಮಾತ್ರ ಕಾಯಬೇಡಿ. ನಡುಕದ ಜೊತೆ ಚೆಕ್ ಎಂಜಿನ್ ದೀಪ ಮಿಣಮಿಣ ಅಂತಿದ್ದರೆ, ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ ಕೆಟಲಿಟಿಕ್ ಕನ್ವರ್ಟರನ್ನು ಸುಟ್ಟುಹಾಕಬಹುದು. ಆಗ ಚೀಟಿ ಬರೆಯೋಕೆ ಕೂರಬೇಡಿ, ಗಾಡಿ ಪಕ್ಕಕ್ಕೆ ಹಾಕಿ ಮೆಕ್ಯಾನಿಕ್‌ಗೆ ಫೋನ್ ಮಾಡಿ.