ಹೊಸ್ತಿಲಲ್ಲೇ ಬಂದ ಎಚ್ಚರಿಕೆ

ನನಗೆ ಅಕ್ಷರ ಕಲಿಸಿದ ಮಾಸ್ಟರರೊಬ್ಬರನ್ನು ನಾನೇ ಕರೆತಂದು, ನಾನೇ ಹೊರಗೆ ಕಳುಹಿಸಿದೆ. ಕಳುಹಿಸಿದವನು ನಾನೆಂಬುದು ಅವರಿಗೆ ಇಂದಿಗೂ ತಿಳಿದಿಲ್ಲ.

2022ರ ಅಕ್ಟೋಬರ್‌ನಲ್ಲಿ ಟ್ವಿಟರ್ ಇಲಾನ್ ಮಸ್ಕ್‌ರ ಕೈಸೇರಿದಾಗ ಬಹಳ ಮಂದಿ ಮಾಸ್ಟೊಡಾನ್‌ನ ಬಾಗಿಲು ತಟ್ಟಿದರು. ಅವರಲ್ಲಿ ನಾನೂ ಒಬ್ಬ. ನಮ್ಮ ದೇಶದಲ್ಲಿ ಅದರ ಹೆಸರು 2019ರ ನವೆಂಬರ್‌ನಲ್ಲೇ ಕೇಳಿಬಂದಿತ್ತು. ಹಿರಿಯ ನ್ಯಾಯವಾದಿ ಸಂಜಯ್ ಹೆಗ್ಡೆಯವರ ಟ್ವಿಟರ್ ಖಾತೆ ಅಮಾನತುಗೊಂಡಾಗ ಅನೇಕರು ಪ್ರತಿಭಟನೆಯ ರೂಪದಲ್ಲಿ ಅಲ್ಲಿಗೆ ತೆರಳಿದ್ದರು. ಹೋದವರಲ್ಲಿ ಹಲವರು ಅಲ್ಲಿ ನೆಲೆಯೂರಲಿಲ್ಲ. ಏಕೆಂದು ಆಗ ನನಗೆ ಅರ್ಥವಾಗಿರಲಿಲ್ಲ.

ಜರ್ಮನಿಯ ಯುಜೆನ್ ರೋಚ್ಕೊ 2016ರಲ್ಲಿ ಹೊರತಂದ ಈ ಜಾಲಕ್ಕೆ ಏಕೈಕ ಒಡೆಯನಿಲ್ಲ. ಸಾವಿರಾರು ಸರ್ವರ್‌ಗಳಿವೆ, ಪ್ರತಿಯೊಂದಕ್ಕೂ ಅದರದೇ ನಿಯಮ, ಅದರದೇ ಮೇಲ್ವಿಚಾರಕರು. ಆದರೂ ಒಂದರಲ್ಲಿರುವವರು ಮತ್ತೊಂದರಲ್ಲಿರುವವರೊಡನೆ ಮಾತನಾಡಬಹುದು. 2019ರಲ್ಲಿ ದ್ವೇಷ ಭಾಷಣಕ್ಕೆ ಹೆಸರಾಗಿದ್ದ ಗ್ಯಾಬ್ ಇದೇ ತಂತ್ರಾಂಶವನ್ನು ಬಳಸಿ ಬಂದಾಗ, ಅದನ್ನು ನಿಷೇಧಿಸಬಲ್ಲ ಕೇಂದ್ರವೇ ಇರಲಿಲ್ಲ. ಸರ್ವರ್‌ಗಳು ಒಂದೊಂದಾಗಿ ಅದರೊಂದಿಗಿನ ಸಂಪರ್ಕವನ್ನು ಕಡಿದುಕೊಂಡವು. ಕಾವಲು ಬೇಕೇ ಎಂದು ಕೇಳುವವರಿಗೆ ನಾನು ಈ ಉದಾಹರಣೆಯನ್ನೇ ಕೊಡುತ್ತೇನೆ. ಖಂಡಿತ ಬೇಕು.

ಹಾಗಾಗಿ ನಮ್ಮ ಪುಟ್ಟ ಸರ್ವರ್‌ನಲ್ಲಿ ಕಾವಲಿಗೆ ಜನ ಬೇಕೆಂದಾಗ ನಾನು ಒಪ್ಪಿಕೊಂಡೆ. ಸಂಬಳವಿಲ್ಲದ ಕೆಲಸ. ರಾತ್ರಿ ಊಟವಾದ ಮೇಲೆ ದೂರುಗಳನ್ನು ತೆರೆದು ಕೂರುತ್ತಿದ್ದೆ. ಬೈಗುಳ, ಬೆದರಿಕೆ, ಹೇಸಿಗೆಯ ಚಿತ್ರಗಳು. ಕೆಲವು ವಾರಗಳಲ್ಲಿ ಕಣ್ಣು ಒರಟಾಯಿತು. ಪ್ರತಿ ದೂರಿಗೂ ಹೊಸದಾಗಿ ಬರೆಯಲು ಸಮಯವೆಲ್ಲಿ? ಸಿದ್ಧಪಡಿಸಿಟ್ಟ ಇಂಗ್ಲಿಷ್ ಎಚ್ಚರಿಕೆಯೊಂದನ್ನು ಆರಿಸಿ ಒತ್ತಿದರೆ ಅದು ಸರ್ವರ್‌ನ ಹೆಸರಿನಲ್ಲಿ ಇಮೇಲ್ ಆಗಿ ಹೋಗುತ್ತದೆ. ಒತ್ತಿದವರ ಹೆಸರು ಅದರಲ್ಲಿರುವುದಿಲ್ಲ.

ನಿವೃತ್ತರಾಗಿದ್ದ ಮಾಸ್ಟರರು ನನ್ನ ಒತ್ತಾಯಕ್ಕೆ ಸೇರಿದರು. ಯಾವ ಸರ್ವರ್ ಆರಿಸಬೇಕೆಂಬ ಪ್ರಶ್ನೆಗೇ ಅವರು ಗಾಬರಿಯಾಗಿದ್ದರು. ನಾನೇ ಪಕ್ಕದಲ್ಲಿ ಕುಳಿತು ಖಾತೆ ತೆರೆದುಕೊಟ್ಟೆ. ಮೂರನೆಯ ದಿನ ಅವರು ಆಸ್ಪತ್ರೆಯ ಹಾಸಿಗೆಯಲ್ಲಿದ್ದ ತಮ್ಮ ಹಳೆಯ ಗೆಳೆಯರ ಚಿತ್ರವನ್ನು ಹಾಕಿ, ಕನ್ನಡದಲ್ಲಿ ನಾಲ್ಕು ಸಾಲು ಬರೆದರು. ಚಿತ್ರಕ್ಕೆ ವಿವರಣೆಯಿಲ್ಲ, ಮುನ್ಸೂಚನೆಯ ಪರದೆಯಿಲ್ಲ ಎಂದು ದೂರು ಬಂತು. ಆ ರಾತ್ರಿ ಸರದಿಯಲ್ಲಿ ಅದು ಹದಿನೇಳನೆಯದು. ಬಳಕೆದಾರರ ಹೆಸರನ್ನು ಗಮನಿಸದೆಯೇ ಗುಂಡಿ ಒತ್ತಿದೆ. ಮರುದಿನ ಖಾತೆ ಇರಲಿಲ್ಲ.

ನಿಯಮ ತಪ್ಪಲ್ಲ. ಅಂಧ ಓದುಗರಿಗೆ ಪರದೆಯನ್ನು ಓದಿ ಹೇಳುವ ತಂತ್ರಾಂಶವು ಆ ವಿವರಣೆಯಿದ್ದರೆ ಚಿತ್ರವನ್ನು ಸರಿಯಾಗಿ ತಲುಪಿಸಬಲ್ಲದು. ಅದನ್ನು ನಾನು ಈಗಲೂ ಸಮರ್ಥಿಸುತ್ತೇನೆ. ಆದರೆ ಹಳಬರಿಗೆ ರೂಢಿಯಾದ ಶಿಷ್ಟಾಚಾರವು ಹೊಸಬರ ಕಿವಿಗೆ ತೀರ್ಪಿನಂತೆ ಕೇಳಿಸುತ್ತದೆ. 2022ರ ಆ ವಲಸೆಯಲ್ಲಿ ಬಂದ ಅನೇಕ ಕರಿಯ ಅಮೆರಿಕನ್ನರಿಗೆ, ತಾವು ಅನುಭವಿಸಿದ ವರ್ಣಭೇದದ ಮಾತನ್ನೂ ಮುನ್ಸೂಚನೆಯ ಪರದೆಯ ಹಿಂದೆ ಇಡಿರೆಂದು ಉಪದೇಶಿಸಲಾಯಿತು. ಉಪದೇಶಿಸಿದವರು ತಮ್ಮನ್ನು ಸಭ್ಯರೆಂದೇ ಭಾವಿಸಿದ್ದರು. ನಾನೂ ಹಾಗೆಯೇ ಭಾವಿಸಿದ್ದೆ.

ಒಂದು ತಿಂಗಳ ಬಳಿಕ ಅವರ ಮನೆಗೆ ಹೋದೆ. ಆ ಗೆಳೆಯರು ತೀರಿಕೊಂಡಿದ್ದರು. ಚಹಾ ಬಂತು. ಏಕೆ ಬಿಟ್ಟಿರಿ ಎಂದು ಕೇಳಿದೆ.

"ಯಾರೋ ಇಂಗ್ಲಿಷಿನಲ್ಲಿ ಗದರಿಸಿದರು, ಮಗಾ. ನಾನೇನೋ ಅಶ್ಲೀಲವಾದುದನ್ನು ಹಾಕಿದವನಂತೆ. ಅವನಿಗೋಸ್ಕರ ಬರೆದದ್ದಾಗಿತ್ತು, ಅಳಿಸಿಬಿಟ್ಟೆ."

ಬರೆದಿಟ್ಟ ಪ್ರತಿ ಇದೆಯೇ ಎಂದೆ. ಇಲ್ಲವೆಂದರು.

ಈಗ ನಮ್ಮ ಸರ್ವರ್‌ನಲ್ಲಿ ಹೊಸಬರ ಮೊದಲ ತಿಂಗಳಿನ ಇಂತಹ ತಪ್ಪುಗಳಿಗೆ ಎಚ್ಚರಿಕೆ ಹೋಗುವುದಿಲ್ಲ. ಯಾರಾದರೊಬ್ಬರು ತಮ್ಮ ಹೆಸರಿನಿಂದಲೇ, ಅವರ ಭಾಷೆಯಲ್ಲಿ ಬರೆದು, ಚಿತ್ರಕ್ಕೆ ವಿವರಣೆ ಸೇರಿಸುವ ಬಗೆಯನ್ನು ತಿಳಿಸುತ್ತಾರೆ. ಕೆಲಸ ಹೆಚ್ಚಾಗಿದೆ, ಸರದಿ ಉದ್ದವಾಗಿದೆ. ಇಬ್ಬರು ಸಂಗಡಿಗರು ಬೇಸತ್ತು ಬಿಟ್ಟುಹೋದರು. ಅವರನ್ನು ದೂರಲಾರೆ.

ಮಾಸ್ಟರರ ಬೀದಿಯಲ್ಲಿ ವಾರಕ್ಕೊಮ್ಮೆ ಹಾದುಹೋಗುತ್ತೇನೆ. ಒಳಗೆ ಬಾ ಎಂದು ಅವರು ಕರೆಯುತ್ತಾರೆ. ಹೇಳಬೇಕಾದ ಮಾತನ್ನು ಇನ್ನೂ ಹೇಳಿಲ್ಲ.