ನಾಲಿಗೆಗೆ ಬಿದ್ದ ಬೀಗ

ಬಾಗಿಲ ಬಳಿಯೇ ಚಪ್ಪಲಿ ಬಿಟ್ಟು ಬನ್ನಿ. ಹಿಂದುಗಡೆ, ಆ ಕಂಬದ ಪಕ್ಕ, ಒಬ್ಬರು ಕೂರುವಷ್ಟು ಜಾಗವಿದೆ. ಇದು ಬಗ್ದಾದಿನ ನಿಜಾಮಿಯಾ ಮದ್ರಸಾ. ಇಸವಿ 1095, ಹಿಜರಿ 488ರ ರಜಬ್ ತಿಂಗಳು. ನಮ್ಮ ಲೆಕ್ಕದಲ್ಲಿ ಜುಲೈ. ಟೈಗ್ರಿಸ್ ನದಿಯ ಕಡೆಯಿಂದ ಬೀಸುವ ಗಾಳಿಯೂ ಒಲೆಯ ಬಾಯಿಂದ ಬಂದ ಹಾಗಿದೆ. ಒಳಗೆ ಮುನ್ನೂರು ಜನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದಾರೆ. ದೌತಿಯ ಮುಚ್ಚಳ ತೆಗೆದಾಗಿದೆ, ಲೆಕ್ಕಣಿಕೆ ಅದ್ದಿ ಹಿಡಿದಾಗಿದೆ. ಯಾರೂ ಕೆಮ್ಮುತ್ತಿಲ್ಲ. ಎಲ್ಲರ ಕಣ್ಣು ಎದುರಿನ ಪೀಠದ ಮೇಲೆ.

ಅಲ್ಲಿ ಕೂತವರು ಅಬೂ ಹಾಮಿದ್ ಗಝಾಲಿ. ಖುರಾಸಾನಿನ ತೂಸ್ ಊರಿನವರು. ಹುಟ್ಟಿದ್ದು 1058ರಲ್ಲಿ, ವಯಸ್ಸು ಇನ್ನೂ 37. ಸೆಲ್ಜುಕ್ ಸುಲ್ತಾನನ ವಜೀರ ನಿಜಾಮುಲ್ ಮುಲ್ಕ್ 1091ರಲ್ಲಿ ಅವರನ್ನು ಈ ಪೀಠಕ್ಕೆ ಕಳಿಸಿದ. ಮರುವರ್ಷವೇ ಆ ವಜೀರನ ಕೊಲೆಯಾಯಿತು, ಬೆನ್ನಿಗೇ ಸುಲ್ತಾನ ಮಲಿಕ್ ಶಾಹನೂ ತೀರಿಕೊಂಡ, 1094ರಲ್ಲಿ ಖಲೀಫನೂ ಬದಲಾದ. ಇಷ್ಟೆಲ್ಲ ಉರುಳಿದರೂ ಗಝಾಲಿಯವರ ಹೆಸರು ಮಾತ್ರ ಏರುತ್ತಲೇ ಹೋಯಿತು. ಈ ವರ್ಷದ ಮೊದಲಲ್ಲಿ ತತ್ವಜ್ಞಾನಿಗಳ ವಾದಗಳನ್ನು ಒಂದೊಂದಾಗಿ ಬಿಡಿಸಿ ಖಂಡಿಸಿದ ‘ತಹಾಫುತುಲ್ ಫಲಾಸಿಫಾ’ ಬರೆದು ಮುಗಿಸಿದ್ದಾರೆ. ಹೊಸ ಖಲೀಫನೇ ಅವರಿಂದ ಪುಸ್ತಕ ಬರೆಸಿಕೊಂಡಿದ್ದಾನೆ. ಎದುರಾಳಿಗೆ ಬಾಯಿ ಎತ್ತಲು ಬಿಡದ ವಾಗ್ಮಿ ಎಂಬ ಹೆಸರಿದೆ.

ಈಗ ನೋಡಿ, ಅವರು ಬಾಯಿ ತೆರೆದರು.

ಸ್ವರ ಹೊರಡಲಿಲ್ಲ. ತುಟಿ ಅಲುಗಿತು, ಗಂಟಲಿನ ನರ ಉಬ್ಬಿತು, ಅಷ್ಟೆ. ಮತ್ತೊಮ್ಮೆ ಪ್ರಯತ್ನಿಸಿದರು. ದೂರದಿಂದ ಬಂದವರ ಮನಸ್ಸು ನೋಯಬಾರದು, ಇವತ್ತೊಂದು ದಿನವಾದರೂ ಪಾಠ ಹೇಳಿಬಿಡೋಣ ಎಂಬ ಆಸೆ ಮುಖದಲ್ಲಿ ಕಾಣುತ್ತಿದೆ. ಒಂದು ಅಕ್ಷರವೂ ಬರಲಿಲ್ಲ. ನಿಮ್ಮ ಪಕ್ಕದ ಹುಡುಗನ ಲೆಕ್ಕಣಿಕೆಯಿಂದ ಮಸಿಯ ಒಂದು ಹನಿ ಕಾಗದದ ಮೇಲೆ ಬಿತ್ತು. ಅವನು ಅದನ್ನು ಒರೆಸಲಿಲ್ಲ.

ದೇವರು ನನ್ನ ನಾಲಿಗೆಗೆ ಬೀಗ ಹಾಕಿದ ಎಂದು ಅವರೇ ಮುಂದೆ ತಮ್ಮ ಆತ್ಮಕಥನ ‘ಅಲ್ ಮುನ್ಕಿದ್’ನಲ್ಲಿ ಹೇಳಿಕೊಳ್ಳುತ್ತಾರೆ. ಆ ಬೀಗ ಹೊರಗಿನಿಂದ ಬಿದ್ದದ್ದಲ್ಲ ಎಂಬುದೂ ಅವರಿಗೆ ಗೊತ್ತಿತ್ತು.

ಇದಕ್ಕೆ ಮುಂಚಿನ ದಿನಗಳಲ್ಲಿ ಅವರು ಸೂಫಿಗಳ ಪುಸ್ತಕಗಳಲ್ಲಿ ಮುಳುಗಿದ್ದರು. ಅಬೂ ತಾಲಿಬ್ ಮಕ್ಕಿ, ಜುನೈದ್, ಶಿಬ್ಲಿ, ಬಿಸ್ತಾಮಿ. ಮತ್ತು ಇದೇ ಬಗ್ದಾದಿನಲ್ಲಿ ಬಾಳಿ 857ರಲ್ಲಿ ತೀರಿಹೋದ ಮುಹಾಸಿಬಿ. ಮುಹಾಸಿಬಿ ಎಂಬ ಹೆಸರು ಬಂದದ್ದೇ ‘ಮುಹಾಸಬ’ದಿಂದ. ಹಾಗೆಂದರೆ ತನ್ನ ಲೆಕ್ಕವನ್ನು ತಾನೇ ನೋಡಿಕೊಳ್ಳುವುದು. ಪುಸ್ತಕದಿಂದ ಕಲಿಯಬಹುದಾದುದನ್ನೆಲ್ಲ ಗಝಾಲಿ ಬೇಗ ಕಲಿತರು. ಉಳಿದದ್ದು ಓದಿಗೆ ಸಿಗುವಂಥದ್ದಲ್ಲ ಎಂದು ಗೊತ್ತಾಯಿತು. ಆರೋಗ್ಯದ ವ್ಯಾಖ್ಯೆ ಬಲ್ಲವನಿಗೂ ಆರೋಗ್ಯವಾಗಿರುವವನಿಗೂ ಎಷ್ಟು ದೂರ! ಆಗ ಲೆಕ್ಕ ತೆಗೆದು ನೋಡಿದರು. ಅತ್ಯುತ್ತಮ ಕೆಲಸ ಅಂದರೆ ಪಾಠ ಹೇಳುವುದು. ಅದನ್ನು ಯಾರಿಗಾಗಿ ಮಾಡುತ್ತಿದ್ದೇನೆ ಎಂದು ಕೇಳಿಕೊಂಡರೆ, ದೇವರಿಗಾಗಿ ಎಂಬ ಉತ್ತರ ಬರಲಿಲ್ಲ. ಹೆಸರಿಗಾಗಿ, ಸ್ಥಾನಕ್ಕಾಗಿ ಎಂಬ ಉತ್ತರ ಬಂತು.

ಸೂಫಿಗಳು ಹೇಳುವ ನಫ್ಸ್ ಎಂದರೆ ಇದೇ. ಅರಬ್ಬಿಯಲ್ಲಿ ಆ ಪದಕ್ಕೆ ‘ತಾನು’ ಎಂದು ಅರ್ಥ. ಕುರ್‌ಆನ್ ಅದರ ಮೂರು ಅವಸ್ಥೆಗಳನ್ನು ಹೆಸರಿಸುತ್ತದೆ: ಕೆಡುಕಿಗೆ ತಳ್ಳುವ ಅಮ್ಮಾರಾ, ಮಾಡಿದ್ದಕ್ಕೆ ತನ್ನನ್ನೇ ಹಳಿದುಕೊಳ್ಳುವ ಲವ್ವಾಮಾ, ನೆಮ್ಮದಿ ಕಂಡ ಮುತ್ಮಯಿನ್ನಾ. ನಫ್ಸ್ ಎಂದೊಡನೆ ನಮಗೆ ಹೊಳೆಯುವುದು ಹೆಂಡ, ಹೆಣ್ಣು, ಹಣ. ಅವು ಅದರ ಬಯಲಾಟ. ಯಾರ ಕಣ್ಣಿಗೂ ಬೀಳುತ್ತವೆ. ಗಝಾಲಿಯವರು ಅದನ್ನು ಹಿಡಿದದ್ದು ಪಾಠದ ಪೀಠದ ಮೇಲೆ, ಧರ್ಮಗ್ರಂಥ ಕೈಯಲ್ಲಿರುವಾಗ. ಒಂಬತ್ತು ಶತಮಾನ ಕಳೆದರೂ ಅವರ ಮಾತು ಎದೆಗೆ ನಾಟುವುದು ಈ ಕಾರಣಕ್ಕೆ ಎಂದು ನಾನು ನಂಬಿದ್ದೇನೆ.

ಏಳಿ, ರಾತ್ರಿಯಾಯಿತು. ಅವರ ಮನೆಗೆ ಹೋಗೋಣ.

ಎಣ್ಣೆದೀಪದ ಬೆಳಕು ಗೋಡೆಯ ಮೇಲೆ ತೂಗುತ್ತಿದೆ. ಬಟ್ಟಲಿನಲ್ಲಿ ಸಾರು ಆರಿ ಕೆನೆಗಟ್ಟಿದೆ. ಒಂದು ಗುಟುಕು ಇಳಿಯುವುದಿಲ್ಲ, ಒಂದು ತುತ್ತು ಅರಗುವುದಿಲ್ಲ. ಬೆಳಿಗ್ಗೆ ಎದ್ದಾಗ ನಿರ್ಧಾರ ಗಟ್ಟಿಯಾಗಿತ್ತು: ಹೊರಟುಬಿಡಬೇಕು, ಆಯುಸ್ಸು ಉಳಿದಿರುವುದು ಸ್ವಲ್ಪ, ದಾರಿ ಉದ್ದ. ಸಂಜೆಯಾಗುತ್ತಲೇ ಆಸೆಗಳ ದಂಡು ದಾಳಿ ಇಟ್ಟು ಆ ನಿರ್ಧಾರವನ್ನು ಪುಡಿ ಮಾಡಿತು. ಒಂದು ಕಾಲು ಮುಂದಿಟ್ಟರೆ ಇನ್ನೊಂದು ಕಾಲು ಹಿಂದೆ. ನಫ್ಸ್ ಬೈಯುವುದಿಲ್ಲ, ಬೆದರಿಸುವುದಿಲ್ಲ. ಹಿತವಾಗಿ ಬುದ್ಧಿ ಹೇಳುತ್ತದೆ. ಇದು ಬಂದು ಹೋಗುವ ಮನಸ್ಥಿತಿ, ಇದಕ್ಕೆ ಮಣಿಯಬೇಡ. ಇಷ್ಟು ತಕರಾರಿಲ್ಲದ ಸ್ಥಾನವನ್ನು ಬಿಟ್ಟು ಹೋದೆಯೆಂದಿಟ್ಟುಕೋ, ನಾಳೆ ಮತ್ತೆ ಬೇಕೆನಿಸಿದರೆ ಸಿಕ್ಕೀತೇ? ಈ ತರ್ಕದಲ್ಲಿ ಒಂದು ತಪ್ಪು ಹುಡುಕಿ ನೋಡೋಣ. ಗಝಾಲಿಯಂಥ ತಾರ್ಕಿಕನಿಗೇ ಸಿಗಲಿಲ್ಲ. ರಜಬ್‌ನಿಂದ ಶುರುವಾಗಿ, ಅವರದೇ ಲೆಕ್ಕದಲ್ಲಿ, ಹತ್ತಿರ ಹತ್ತಿರ ಆರು ತಿಂಗಳು ಹೀಗೇ ಹೋಯಿತು.

ವೈದ್ಯರು ಬಂದರು. ನಾಡಿ ಹಿಡಿದರು, ಮದ್ದು ಕೊಟ್ಟರು, ಕೊನೆಗೆ ಕೈಚೆಲ್ಲಿದರು. ರೋಗ ಹುಟ್ಟಿರುವುದು ಹೃದಯದಲ್ಲಿ, ಅಲ್ಲಿಂದ ಮೈಗೆ ಹರಿದಿದೆ, ಒಳಗಿನ ಕಳವಳ ಇಳಿಯದೆ ಮದ್ದು ಹತ್ತದು ಎಂದರು. ಹೆಸರಿಲ್ಲದ ಆ ವೈದ್ಯರ ಮೇಲೆ ನನಗೆ ಗೌರವ.

ಇನ್ನು ಕೈಲಾಗದು ಎಂದಾದಾಗ ಅವರು ದೇವರ ಮೊರೆಹೊಕ್ಕರು. ಅಲ್ಲಿಗೆ ಸ್ಥಾನ, ಹಣ, ಸ್ನೇಹಿತರು, ಎಲ್ಲವನ್ನೂ ಬಿಡುವುದು ಹಗುರವಾಯಿತಂತೆ. ನವೆಂಬರ್ ಬಂತು. ಮಕ್ಕಳ ಪಾಲನೆಗೆ ಬೇಕಾದಷ್ಟನ್ನು ತೆಗೆದಿಟ್ಟು ಉಳಿದ ಆಸ್ತಿಯನ್ನು ಹಂಚಿದರು. ಮದ್ರಸಾದ ಪಾಠ ತಮ್ಮ ಅಹ್ಮದನಿಗೆ ವಹಿಸಿದರು. ಮಕ್ಕಾಕ್ಕೆ ಹೋಗುತ್ತೇನೆ ಎಂದು ಎಲ್ಲರಿಗೂ ಹೇಳಿದರು; ಮನಸ್ಸಿನಲ್ಲಿದ್ದದ್ದು ಶಾಮ್, ಅಂದರೆ ಸಿರಿಯಾದ ದಾರಿ. ನಿಜ ಹೇಳಿದರೆ ಖಲೀಫನೂ ಗೆಳೆಯರೂ ತಡೆಯುತ್ತಾರೆ ಎಂಬ ಭಯ. ಈ ಮರೆಮಾಚುವಿಕೆಯನ್ನು ಅವರು ತಮ್ಮ ಪುಸ್ತಕದಲ್ಲಿ ಬಚ್ಚಿಟ್ಟಿಲ್ಲ. ಇಡೀ ಕಥೆಯಲ್ಲಿ ನನಗೆ ಹೆಚ್ಚು ನಂಬಿಕೆ ಹುಟ್ಟಿಸುವ ಸಾಲು ಅದೇ.

ಊರು ಊಹಾಪೋಹದಲ್ಲಿ ಮುಳುಗಿತು. ದೂರದವರು ಆಳುವವರ ಭಯಕ್ಕೆ ಓಡಿಹೋದರು ಎಂದರು. ಆಳುವವರೇ ಅವರನ್ನು ಬಿಡಲೊಲ್ಲದೆ ಅಂಗಲಾಚಿದ್ದನ್ನು ಕಂಡವರು ಯಾರದೋ ದೃಷ್ಟಿ ತಾಗಿತು ಎಂದರು. ಧರ್ಮದ ಅತಿ ಎತ್ತರದ ಪೀಠವನ್ನು ಧರ್ಮಕ್ಕಾಗಿಯೇ ಬಿಟ್ಟಾರು ಎಂದು ಯಾರಿಗೂ ಹೊಳೆಯಲಿಲ್ಲ.

ನಫ್ಸಿನ ಜೊತೆಗಿನ ಹೋರಾಟಕ್ಕೆ ‘ಮುಜಾಹದ’ ಎನ್ನುತ್ತಾರೆ. ಜಿಹಾದ್ ಎಂಬ ಪದ ಹುಟ್ಟಿದ ಧಾತುವಿನಿಂದಲೇ ಇದೂ ಹುಟ್ಟಿದ್ದು. ಯುದ್ಧದಿಂದ ಮರಳಿದವರಿಗೆ ನಫ್ಸಿನ ಮೇಲಿನ ಹೋರಾಟವೇ ದೊಡ್ಡ ಜಿಹಾದ್ ಎಂದು ಪ್ರವಾದಿಯವರು ಹೇಳಿದರೆಂಬ ಮಾತು ಸೂಫಿಗಳ ನಾಲಿಗೆಯ ಮೇಲೆ ಸದಾ ಇದೆ. ಆ ವರದಿಯ ಸನದು, ಅಂದರೆ ಅದನ್ನು ಹೇಳಿದವರ ಸರಪಳಿ, ದುರ್ಬಲ ಎಂದು ಹದೀಸ್ ವಿದ್ವಾಂಸರು ಹೇಳಿದ್ದಾರೆ, ಅದನ್ನೂ ಹೇಳಬೇಕು. ಆದರೆ ಹೋರಾಟವಂತೂ ನಿಜ. ಅದು ನಮ್ಮ ಕಣ್ಣೆದುರೇ ನಡೆಯುತ್ತಿದೆ.

ಈಗ ಮೆಟ್ಟಿಲು ಹತ್ತಬೇಕು, ತಲೆ ತಗ್ಗಿಸಿ. ದಮಾಸ್ಕಸ್ಸಿನ ಉಮಯ್ಯದ್ ಮಸೀದಿಯ ಮಿನಾರು ಇದು. ಸುತ್ತುವ ಕಲ್ಲು ಮೆಟ್ಟಿಲು ಕತ್ತಲಲ್ಲಿ ಕಾಲಿಗೆ ತಣ್ಣಗೆ ತಾಕುತ್ತದೆ. ಕೆಳಗೆ ಅಂಗಳದಲ್ಲಿ ಜನರ ಓಡಾಟ, ಪಾರಿವಾಳಗಳ ರೆಕ್ಕೆಯ ಸದ್ದು. ಗಝಾಲಿ ಇಲ್ಲಿಗೆ ಹತ್ತಿ, ಬಾಗಿಲು ಮುಚ್ಚಿಕೊಂಡು, ಹಗಲಿಡೀ ಒಬ್ಬರೇ ಕೂರುತ್ತಾರೆ. ಮುನ್ನೂರು ಜನರ ಮುಂದೆ ಕೂತಿದ್ದವರು. ಇಲ್ಲಿ ಭೇಷ್ ಎನ್ನುವವರಿಲ್ಲ.

ಇಂಥ ಏಕಾಂತದ ವರ್ಷಗಳಲ್ಲಿ ರೂಪುಗೊಂಡದ್ದು ‘ಇಹ್ಯಾ ಉಲೂಮಿದ್ದೀನ್’, ನಲವತ್ತು ಭಾಗಗಳ ಮಹಾಗ್ರಂಥ. ಅದರ 38ನೆಯ ಭಾಗದಲ್ಲಿ ನಫ್ಸಿನ ಜೊತೆ ವ್ಯವಹಾರ ಮಾಡುವ ರೀತಿ ಇದೆ. ವ್ಯವಹಾರ ಎಂದರೆ ಅಕ್ಷರಶಃ ಅಂಗಡಿಯ ವ್ಯವಹಾರವೇ. ನೀವು ವರ್ತಕ, ನಫ್ಸ್ ನಿಮ್ಮ ಪಾಲುದಾರ. ಬಂಡವಾಳ ಎಂದರೆ ಆಯುಸ್ಸು, ಬೇರೇನೂ ಇಲ್ಲ. ಬೆಳಗಿನ ಫಜ್ರ್ ನಮಾಜು ಮುಗಿದ ಮೇಲೆ ಆ ಪಾಲುದಾರನನ್ನು ಎದುರಿಗೆ ಕೂರಿಸಿಕೊಂಡು ಕರಾರು ಮಾಡಿಕೊಳ್ಳಿ: ಇವತ್ತಿನ ದಿನ ನಿನ್ನ ಕೈಗೆ ಕೊಡುತ್ತಿದ್ದೇನೆ, ಕಣ್ಣು, ಕಿವಿ, ನಾಲಿಗೆ, ಹೊಟ್ಟೆ ಒಂದೊಂದಕ್ಕೂ ಷರತ್ತು ಇದು. ಹಗಲಿಡೀ ಅವನ ಮೇಲೆ ಕಣ್ಣಿಡಿ, ಬಿಟ್ಟರೆ ಬಂಡವಾಳ ನುಂಗುತ್ತಾನೆ. ಸಂಜೆ ಲೆಕ್ಕ ಕೇಳಿ. ನಷ್ಟ ಬಂದಿದ್ದರೆ ದಂಡ ಹಾಕಿ, ಸೋಮಾರಿಯಾಗಿದ್ದರೆ ಹೆಚ್ಚು ದುಡಿಸಿ, ಕೊನೆಗೆ ಚೆನ್ನಾಗಿ ಬೈಯಿರಿ. ಮರುದಿನ ಮತ್ತೆ ಮೊದಲಿನಿಂದ. ಕಾಸಿಗೆ ಕಾಸು ಲೆಕ್ಕ ಕೇಳುವ ನಾವು ಉಸಿರಿಗೆ ಏಕೆ ಕೇಳುವುದಿಲ್ಲ ಎಂಬುದು ಅವರ ಪ್ರಶ್ನೆ.

ಅಲ್ಲೇ ಒಬ್ಬನ ಕಥೆ ಬರುತ್ತದೆ. ಅವನು ತನಗೆ 60 ವರ್ಷವಾಯಿತು ಎಂದು ಲೆಕ್ಕ ಹಾಕಿದ. ದಿನಗಳನ್ನು ಎಣಿಸಿದ: 21,500. ದಿನಕ್ಕೊಂದೇ ಪಾಪ ಎಂದರೂ 21,500 ಪಾಪ ಹೊತ್ತು ಒಡೆಯನ ಮುಂದೆ ಹೋಗಬೇಕಲ್ಲ ಎಂದು ಚೀರಿ ಬಿದ್ದವನು ಮತ್ತೆ ಏಳಲಿಲ್ಲ. ಇನ್ನೊಂದು ಕಥೆ ನನ್ನನ್ನು ಹೆಚ್ಚು ಕಾಡುತ್ತದೆ. ಒಬ್ಬಾತ ಮೂವತ್ತು ವರ್ಷ ಮಸೀದಿಯ ಮೊದಲ ಸಾಲಿನಲ್ಲೇ ನಿಂತು ನಮಾಜು ಮಾಡಿದ. ಒಂದು ದಿನ ತಡವಾಯಿತು, ಎರಡನೆಯ ಸಾಲಿನಲ್ಲಿ ನಿಂತ. ಜನ ನೋಡುತ್ತಿದ್ದಾರೆ ಎಂದು ನಾಚಿಕೆಯಾಯಿತು. ಆ ನಾಚಿಕೆ ಎಲ್ಲಿಂದ ಬಂತು ಎಂದು ಕೆದಕಿದಾಗ ತಿಳಿಯಿತು, ಇಷ್ಟು ವರ್ಷ ಮೊದಲ ಸಾಲಿನಲ್ಲಿ ಸಿಗುತ್ತಿದ್ದ ಖುಷಿಯೂ ಜನ ನೋಡುತ್ತಿದ್ದಾರೆ ಎಂಬುದರಿಂದಲೇ ಬಂದದ್ದು. ಮೂವತ್ತು ವರ್ಷದ ನಮಾಜನ್ನೂ ಆತ ಮತ್ತೆ ಮಾಡಿದ.

ಹಾಗೆಂದು ನಫ್ಸನ್ನು ಕೊಂದುಹಾಕಿ ಎಂದು ಗಝಾಲಿ ಹೇಳುವುದಿಲ್ಲ. ಹಸಿವು, ಕೋಪ ಬೇರುಸಮೇತ ಹೋದರೆ ಮನುಷ್ಯ ಬದುಕುವುದಾದರೂ ಹೇಗೆ? ಪಳಗಿಸಿದ ಕುದುರೆ, ಪಳಗಿಸಿದ ಬೇಟೆನಾಯಿ, ಇವು ಅವರ ಉಪಮೆಗಳು. ಖರ್ಜೂರದ ಬೀಜ ಮರವೂ ಅಲ್ಲ, ಹಣ್ಣೂ ಅಲ್ಲ. ಆದರೆ ಆರೈಕೆ ಸಿಕ್ಕರೆ ಮರವಾಗಬಲ್ಲದು.

ಮಿನಾರಿನಿಂದ ಇಳಿಯೋಣ. ಜೆರುಸಲೇಮಿನಲ್ಲಿ ಪವಿತ್ರ ಬಂಡೆಯ ಗುಮ್ಮಟದೊಳಗೆ ಹೋಗಿ ಅಲ್ಲೂ ಬಾಗಿಲು ಮುಚ್ಚಿಕೊಂಡರು. ಹೆಬ್ರಾನ್‌ನಲ್ಲಿ ಪ್ರವಾದಿ ಇಬ್ರಾಹೀಮರ ಗೋರಿಯ ಬಳಿ ನಿಂತು ಪ್ರತಿಜ್ಞೆ ಮಾಡಿದರು: ದೊರೆಗಳ ಬಳಿ ಹೋಗುವುದಿಲ್ಲ, ಅವರ ಹಣ ಮುಟ್ಟುವುದಿಲ್ಲ, ವಾದಕ್ಕಿಳಿಯುವುದಿಲ್ಲ. ಪೀಠದ ಮೇಲೆ ನಫ್ಸ್ ಹೊಕ್ಕ ಮೂರು ಬಾಗಿಲುಗಳವು. ಆಮೇಲೆ ಹಜ್. ದಮಾಸ್ಕಸ್ಸಿನ ಒಂದು ಮದ್ರಸಾಕ್ಕೆ ಗುರುತು ಸಿಗದಂತೆ ಹೋದಾಗ ಅಲ್ಲಿನ ಉಪಾಧ್ಯಾಯ ಗಝಾಲಿ ಹೀಗೆ ಹೇಳಿದ್ದಾರೆ ಎಂದು ಪಾಠ ಮಾಡುತ್ತಿದ್ದನಂತೆ. ಅದನ್ನು ಕೇಳಿ ಒಳಗೆ ಏನೋ ಹಿಗ್ಗಿದ್ದು ಗೊತ್ತಾಗಿ, ಹೆದರಿ, ಊರನ್ನೇ ಬಿಟ್ಟರು ಎಂದು ಕಥೆ. ನಡೆಯಿತೋ ಇಲ್ಲವೋ, ಅವರ ಪುಸ್ತಕ ಓದಿದವರು ಇದನ್ನು ಸುಳ್ಳೆನ್ನಲಾರರು.

ಮಕ್ಕಳು ಊರಿನಿಂದ ಕರೆಯುತ್ತಿದ್ದರು. ಆ ಕರೆಯೇ ನನ್ನನ್ನು ಎಳೆಯಿತು ಎಂದು ಅವರು ಬರೆದಿದ್ದಾರೆ. ತೂಸಿಗೆ ಹೋಗುವ ದಾರಿಯಲ್ಲಿ, 1097ರ ಬೇಸಿಗೆಯ ಹೊತ್ತಿಗೆ, ಬಗ್ದಾದಿನಲ್ಲಿ ಸ್ವಲ್ಪ ಕಾಲ ಉಳಿದರು. ಸ್ಪೇನಿನ ಸೆವಿಲ್‌ನಿಂದ ಬಂದ ಅಬೂ ಬಕರ್ ಇಬ್ನುಲ್ ಅರಬಿ ಎಂಬ ತರುಣ ವಿದ್ಯಾರ್ಥಿ ಅವರನ್ನು ಅಲ್ಲಿ ಕಂಡು ಪಾಠ ಕೇಳಿದ. ಗಝಾಲಿ ಇಳಿದುಕೊಂಡಿದ್ದು ಸೂಫಿಗಳ ಒಂದು ರಿಬಾತ್‌ನಲ್ಲಿ, ಅಂದರೆ ಮಠದಂಥ ವಸತಿಯಲ್ಲಿ, ನಿಜಾಮಿಯಾ ಮದ್ರಸಾದ ಎದುರಿಗೇ. ಆ ಹೊಸ್ತಿಲಲ್ಲಿ ಒಂದು ಕ್ಷಣ ನಿಲ್ಲಿ. ನಾವು ಚಪ್ಪಲಿ ಬಿಟ್ಟು ಒಳಗೆ ಹೋದ ಬಾಗಿಲು ಎದುರಿಗಿದೆ.

1106ರಲ್ಲಿ ಮತ್ತೆ ಪೀಠ. ನಿಜಾಮುಲ್ ಮುಲ್ಕ್‌ನ ಮಗ, ವಜೀರ ಫಖ್ರುಲ್ ಮುಲ್ಕ್, ನೈಶಾಪುರದ ನಿಜಾಮಿಯಾದಲ್ಲಿ ಪಾಠ ಹೇಳಲೇಬೇಕೆಂದು ಒತ್ತಾಯಿಸಿದ. ಗಝಾಲಿ ಒಪ್ಪಿದರು. ಹಿಂದೆ ಸ್ಥಾನ ಗಳಿಸುವ ವಿದ್ಯೆ ಕಲಿಸುತ್ತಿದ್ದೆ, ಈಗ ಸ್ಥಾನ ಬಿಡುವ ವಿದ್ಯೆ ಕಲಿಸುತ್ತೇನೆ ಎಂಬುದು ಅವರ ಸಮಜಾಯಿಷಿಯ ಸಾರ. ಗುರಿ ಮುಟ್ಟುತ್ತೇನೋ ಇಲ್ಲವೋ ತಿಳಿಯದು ಎಂಬ ಮಾತೂ ಅದರ ಜೊತೆಗಿದೆ. ನೈಶಾಪುರದ ಅಬ್ದುಲ್ ಗಾಫಿರ್ ಫಾರಿಸಿ ಅವರನ್ನು ಹಿಂದೆಯೂ ಬಲ್ಲವರು. ಆಗಿನ ಅವರ ಬಿಗುಮಾನ, ಇತರರನ್ನು ಕೀಳಾಗಿ ಕಾಣುವ ನೋಟ ನೆನಪಿತ್ತು. ಈ ಹೊಸ ವಿನಯ ವೇಷವಿರಬೇಕು ಎಂದು ಶಂಕಿಸಿ ಮತ್ತೆ ಮತ್ತೆ ಹೋಗಿ ಪರೀಕ್ಷಿಸಿದರು. ಕೊನೆಗೆ, ಇದು ವೇಷವಲ್ಲ, ಮನುಷ್ಯ ಗುಣವಾಗಿದ್ದಾನೆ ಎಂದು ಬರೆದಿಟ್ಟರು.

ಕೆಲವು ವರ್ಷಗಳಲ್ಲಿ ಗಝಾಲಿ ಆ ಪೀಠವನ್ನೂ ಬಿಟ್ಟು ತೂಸಿಗೆ ಮರಳಿದರು. ಮನೆಯ ಪಕ್ಕದಲ್ಲೇ ಒಂದು ಮದ್ರಸಾ, ಸೂಫಿಗಳ ವಸತಿಗೆ ಒಂದು ಖಾನ್ಕಾ. 1111ರ ಡಿಸೆಂಬರ್, ಒಂದು ಸೋಮವಾರದ ನಸುಕು. ಕೈಕಾಲು ಮುಖ ತೊಳೆದು ವುಝೂ ಮಾಡಿ ನಮಾಜು ಮುಗಿಸಿದರು. ಕಫನ್, ಅಂದರೆ ಶವವಸ್ತ್ರ, ತರಿಸಿಕೊಂಡು ಮುತ್ತಿಟ್ಟರು, ಕಣ್ಣಿಗೊತ್ತಿಕೊಂಡರು. ಕಿಬ್ಲಾದ, ಅಂದರೆ ಮಕ್ಕಾದ, ಕಡೆ ಕಾಲು ಚಾಚಿ ಮಲಗಿದರು. ಬೆಳಕು ಹರಿಯುವ ಮೊದಲೇ ಪ್ರಾಣ ಹೋಗಿತ್ತು ಎಂದು ಹೇಳಿದವರು ತಮ್ಮ ಅಹ್ಮದ್.