ಕೋಲಾರವೋ, ಚಿಕ್ಕಬಳ್ಳಾಪುರವೋ?

ನನ್ನವರು ಜರ್ಮನಿಯವರು. ಮದುವೆಯಾಯ್ತು, ಇನ್ನು ವೀಸಾ! 2007ರಿಂದ ಅಲ್ಲಿಗೆ ಹೋಗೋ ಹೆಚ್ಚಿನ ಗಂಡ-ಹೆಂಡಿರಿಗೆ ಎ1 ಮಟ್ಟದ ಜರ್ಮನ್ ಬರಲೇಬೇಕು. ಶಿಡ್ಲಘಟ್ಟದಿಂದ ಬೆಂಗಳೂರಿಗೆ ಬಸ್ಸಲ್ಲಿ ಕೂತು 'ಡೆರ್, ಡೀ, ಡಾಸ್' ಬಾಯಿಪಾಠ ಮಾಡಿ ಪಾಸೂ ಆದೆ.

ತಲೆನೋವಾಗಿದ್ದು ನಮ್ಮೂರು. 1998ರ ಜನನ ಪತ್ರದಲ್ಲಿ ಕೋಲಾರ ಜಿಲ್ಲೆ, ಪಾಸ್‌ಪೋರ್ಟಲ್ಲಿ ಚಿಕ್ಕಬಳ್ಳಾಪುರ. ನಾನೆಲ್ಲೂ ಹೋಗಿಲ್ಲ ಸ್ವಾಮೀ, ಅದೇ 2007ರಲ್ಲಿ ಜಿಲ್ಲೆಯೇ ಎರಡಾಯ್ತು! ಊರ ಹೆಸರೂ ಇಂಗ್ಲಿಷಲ್ಲಿ ಒಂದು ಕಡೆ ಸಿಡ್ಲಘಟ್ಟ, ಇನ್ನೊಂದು ಕಡೆ ಶಿಡ್ಲಘಟ್ಟ. ಕಾಗದ ಅಸಲಿಯೇ ಅಂತ ಊರಿಗೇ ಬಂದು ವಿಚಾರಿಸೋದೂ ಉಂಟಂತೆ.

ಅಮ್ಮ ನಾಲ್ಕನೇ ಜ್ವರ ಎದ್ದ ಹುಳಕ್ಕೆ ಸೊಪ್ಪು ಹಾಕ್ತಿದ್ರು. "ಬರ್ಲಿ ಬಿಡು, ಹೆತ್ತೋಳು ನಾನಿಲ್ವಾ, ಹೇಳ್ತೀನಿ" ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, ತಲೆ ಎತ್ತದೇ, "ಈ ಸಲ ಗೂಡು ಬಿಡಿಸೋಕಾದ್ರೂ ಇರ್ತೀಯೇನೇ?" ಅಂದ್ರು...